ಗೋಕಾಕದ ಹಳ್ಳದಲ್ಲಿ ತಾಮ್ರ ಕಂಡರೆ ಹಿಗ್ಗಬೇಡಿ

ಗೋಕಾಕದ ಸುತ್ತಲಿನ ಯಾವುದಾದರೂ ಹಳ್ಳಕ್ಕಿಳಿದು, ತಳದ ಸಣ್ಣ ಮಣ್ಣನ್ನು ಸೋಸಿ ಪ್ರಯೋಗಾಲಯಕ್ಕೆ ಕಳಿಸಿದಿರಿ ಎನ್ನಿ. ತಾಮ್ರ 140 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 140 ಪಾಲು) ಎಂದು ವರದಿ ಬಂತು. ಕಾಲ ಕೆಳಗಿರುವುದು ಕಲಾದಗಿ ಕ್ವಾರ್ಟ್‌ಜೈಟ್. ಅಂಥ ಶುದ್ಧ ಮರಳುಗಲ್ಲಿನಲ್ಲಿ ತಾಮ್ರ ಸಾಮಾನ್ಯವಾಗಿ 10–20 ಪಿಪಿಎಂ ಒಳಗೇ ಇರುತ್ತದೆ. ಅಂದರೆ ಏಳರಿಂದ ಹದಿನಾಲ್ಕು ಪಟ್ಟು. ನಕ್ಷೆಯ ಮೇಲೆ ಆ ಚುಕ್ಕೆ ಕೆಂಪಗೆ ಹೊಳೆಯುತ್ತದೆ, ಕೆಳಗೆ ಅದಿರಿದೆ ಎಂದು ಮನಸ್ಸು ಓಡುತ್ತದೆ. ಆದರೆ ಆ ತಾಮ್ರ ಅಲ್ಲಿಯದಲ್ಲ. ಮೇಲಿನ ಸೀಮೆಯ ಕರಿಕಲ್ಲು, ಅಂದರೆ ಲಾವಾ ತಣಿದು ಆದ ಬಸಾಲ್ಟ್, ಸವೆದು ನೀರಿನ ಜೊತೆ ಇಳಿದು ಬಂದದ್ದು. ಡೆಕ್ಕನ್ ಬಸಾಲ್ಟಿನಲ್ಲಿ 100ರಿಂದ 250 ಪಿಪಿಎಂ ತಾಮ್ರ ಮಾಮೂಲು. ಅದು ಅದಿರಲ್ಲ, ಆ ಕಲ್ಲಿನ ಹುಟ್ಟುಗುಣ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಭೂರಾಸಾಯನಿಕ ಕೆಲಸ (ಮಣ್ಣು, ಕಲ್ಲಿನ ಧಾತು ಅಳೆದು ಅದಿರು ಹುಡುಕುವುದು) ಮಾಡುವವರನ್ನು ಹೆಚ್ಚು ದಾರಿ ತಪ್ಪಿಸುವುದು ಈ ಬಸಾಲ್ಟೇ. ಬೆಳಗಾವಿಯ ಉತ್ತರದ ತಾಲ್ಲೂಕುಗಳನ್ನೂ ವಿಜಯಪುರದ ಬಹುಭಾಗವನ್ನೂ ಅದು ಕಂಬಳಿಯಂತೆ ಹೊದ್ದಿದೆ. ಅದರ ದಕ್ಷಿಣಕ್ಕೆ ಗೋಕಾಕ, ಲೋಕಾಪುರ, ಬಾಗಲಕೋಟೆ, ಬಾದಾಮಿ, ರಾಮದುರ್ಗ, ಸವದತ್ತಿ ಸೀಮೆಯಲ್ಲಿ ಕಲಾದಗಿ ಬೇಸಿನ್ನಿನ (ಹಿಂದೆ ಹೂಳು ತುಂಬಿ ಕಲ್ಲಾದ ತಗ್ಗು) ಮರಳುಗಲ್ಲು, ಸುಣ್ಣಕಲ್ಲು, ಡಾಲಮೈಟ್, ಜೇಡಿಗಲ್ಲುಗಳಿವೆ. 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ವಿವರಿಸಿದಾಗ ಗುರುತಿಸಿದ ಈ ಪದರಗಳನ್ನು ಈಗ ಕೆಳಗಿನ ಬಾಗಲಕೋಟೆ ಗುಂಪು, ಮೇಲಿನ ಬಾದಾಮಿ ಗುಂಪು ಎಂದು ಎರಡಾಗಿ ವಿಂಗಡಿಸುತ್ತಾರೆ. ಇಳಕಲ್, ಹುನಗುಂದ ಕಡೆ ಗ್ರಾನೈಟ್, ನೈಸ್ ಮತ್ತು ಪಟ್ಟೆ ಕಬ್ಬಿಣಶಿಲೆ ಹೊತ್ತ ಶಿಸ್ಟ್. ತಾಳಿಕೋಟಿ ಕಡೆ ಭೀಮಾ ಬೇಸಿನ್ನಿನ ಸುಣ್ಣಕಲ್ಲು. ಬೆಳಗಾವಿಯ ಪಶ್ಚಿಮದ ಘಟ್ಟದ ನೆತ್ತಿಗಳಲ್ಲಿ ಲ್ಯಾಟರೈಟ್ ಮತ್ತು ಅಲ್ಯುಮಿನಿಯಂ ಅದಿರಾದ ಬಾಕ್ಸೈಟ್. ಒಂದೇ ಅಂಕಿಗೆ ಹುಕ್ಕೇರಿಯಲ್ಲಿ ಒಂದು ಅರ್ಥ, ಬಾದಾಮಿಯಲ್ಲಿ ಇನ್ನೊಂದು.

ಮೊದಲು ಮಣ್ಣು ತರುವ ಕೆಲಸ. ಮುಂದೆ ಎಷ್ಟು ಲಕ್ಷದ ಯಂತ್ರವಿದ್ದರೂ ಇಲ್ಲಿ ಕೆಟ್ಟದ್ದನ್ನು ಅದು ಸರಿಪಡಿಸದು.

ಹಳ್ಳದ ಮಣ್ಣು ತೆಗೆಯುವಾಗ ನೀರು ಈಗಲೂ ಹರಿಯುವ, ಅಥವಾ ಕಳೆದ ಮಳೆಗಾಲದಲ್ಲಿ ಹರಿದ ಪಾತ್ರದೊಳಗೇ ಇಳಿಯಬೇಕು. ದಂಡೆ ಕುಸಿದು ಬಿದ್ದ ಮಣ್ಣು ಬೇಡ, ಅದು ಪಕ್ಕದ ಹೊಲದ್ದು. 40–50 ಮೀಟರ್ ಉದ್ದಕ್ಕೆ ಎಂಟು, ಹತ್ತು ಕಡೆ, ಕಲ್ಲುಗಳ ಹಿಂದಿನ ಮರೆಯಲ್ಲಿ, ಹರಿವು ನಿಧಾನವಾಗುವ ತಿರುವಿನಲ್ಲಿ ಸ್ವಲ್ಪ ಸ್ವಲ್ಪ ತೆಗೆದು ಒಟ್ಟು 2 ಕಿಲೋದಷ್ಟು ಕೂಡಿಸಿ. ಎರಡು ಹಳ್ಳ ಕೂಡುವಲ್ಲಿ ಸಂಗಮದಿಂದ ಕನಿಷ್ಠ 50 ಮೀಟರ್ ಮೇಲಕ್ಕೆ ಹೋಗಿ, ಇಲ್ಲದಿದ್ದರೆ ನೆರೆ ಬಂದಾಗ ದೊಡ್ಡ ಹಳ್ಳದ ಮಣ್ಣು ಚಿಕ್ಕದರೊಳಕ್ಕೆ ಹಿಮ್ಮೆಟ್ಟಿರುತ್ತದೆ. ರಸ್ತೆ ಸೇತುವೆಯ ಕೆಳಮಗ್ಗುಲು, ಬಟ್ಟೆ ಒಗೆಯುವ ಜಾಗ, ಟ್ರ್ಯಾಕ್ಟರ್ ದಾಟುವ ದಾರಿ, ಇವೆಲ್ಲ ವರ್ಜ್ಯ. ಚೆಕ್ ಡ್ಯಾಮಿನ ಹಿಂದೆ ತುಂಬಿದ ಹೂಳನ್ನೂ ಬಿಡಿ. ಅಲ್ಲಿ ಜೇಡಿ ಮಾತ್ರ ಕೂತಿರುತ್ತದೆ, ಭಾರದ ಖನಿಜ ಇರುವುದಿಲ್ಲ. ಆಲಮಟ್ಟಿ ಹಿನ್ನೀರು ಏರಿ ಇಳಿಯುವ ಹಳ್ಳಗಳಿಗೂ ಇದೇ ಮಾತು.

ನೆರಳಲ್ಲಿ ಒಣಗಿಸಿ, ಕಟ್ಟಿಗೆಯ ಹಿಡಿಯಿಂದ ಹೆಂಟೆ ಒಡೆದು, 120 ಮೆಶ್ ಜರಡಿ ಹಿಡಿಯಿರಿ, ಅಂದರೆ 125 ಮೈಕ್ರಾನ್. ಕೆಳಗೆ ಬಿದ್ದದ್ದು 150–200 ಗ್ರಾಂ ಸಿಕ್ಕರೆ ಸಾಕು. ಜರಡಿ ನೈಲಾನ್ ಅಥವಾ ಸ್ಟೇನ್‌ಲೆಸ್ ಸ್ಟೀಲಿನದಿರಲಿ. ಹಿತ್ತಾಳೆ ಚೌಕಟ್ಟಿನ ಜರಡಿ ಹಿಡಿದು ತಾಮ್ರ, ಸತು ಹುಡುಕುವುದೆಂದರೆ ಜರಡಿಯನ್ನೇ ವಿಶ್ಲೇಷಣೆಗೆ ಕಳಿಸಿದಂತೆ. ಗ್ಯಾಲ್ವನೈಸ್ಡ್ ಬುಟ್ಟಿ ಸತು ಸೇರಿಸುತ್ತದೆ. ಕೈಯ ಉಂಗುರ ಮೊದಲೇ ತೆಗೆದಿಡಿ, ಚಿನ್ನವನ್ನು ಪಿಪಿಬಿ (ನೂರು ಕೋಟಿಯಲ್ಲೊಂದು ಪಾಲು) ಲೆಕ್ಕದಲ್ಲಿ ಅಳೆಯುವಾಗ ಒಂದು ಗೀರು ಸಾಕು ವರದಿ ಕೆಡಲು.

ಎರೆ ಭೂಮಿಯದು ಬೇರೆಯದೇ ಸಮಸ್ಯೆ. ಮಣ್ಣಿನ ಸಮೀಕ್ಷೆಯಲ್ಲಿ ಮೇಲಿನ ಪದರ ಬಿಟ್ಟು, 30–50 ಸೆಂಟಿಮೀಟರ್ ಆಳದ ಎರಡನೇ ಪದರ ತೆಗೆಯಿರಿ ಎಂದು ಎಲ್ಲರೂ ಕಲಿಸುತ್ತಾರೆ. ಮಸಾರಿಯಲ್ಲಿ ಅದು ನಡೆಯುತ್ತದೆ. ವಿಜಯಪುರದ ಡೋಣಿ ಕಣಿವೆಯ ಎರೆಯಲ್ಲಿ ಆ ಪದರಗಳೇ ಇಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲಕ್ಕೆ, ಮೀಟರ್ ಆಳಕ್ಕೆ ಬಿರಿಯುವ ನೆಲ ಅದು. ಮೇಲಿನ ಮಣ್ಣು, ಗೊಬ್ಬರ, ಜೋಳದ ಕೂಳೆ ಎಲ್ಲ ಬಿರುಕಿಗೆ ಬೀಳುತ್ತದೆ. ಮಳೆ ಬಿದ್ದಾಗ ನೆಲ ಉಬ್ಬಿ ಬಿರುಕು ಮುಚ್ಚಿ, ತಳದ್ದನ್ನು ಮೇಲಕ್ಕೆ ತಳ್ಳುತ್ತದೆ. ವರ್ಷ ವರ್ಷವೂ ಹೀಗೆ ತನ್ನನ್ನು ತಾನೇ ಉಳುಮೆ ಮಾಡಿಕೊಳ್ಳುವ ಮಣ್ಣಿನಲ್ಲಿ 40 ಸೆಂಟಿಮೀಟರ್ ಆಳದಲ್ಲಿ ಸಿಕ್ಕಿದ್ದು ಮೊನ್ನೆ ಮೇಲೆ ಇದ್ದದ್ದೂ ಆಗಿರಬಹುದು. ಅಂಥಲ್ಲಿ ಕೈ ಆಗರ್ (ತಿರುಗಿಸಿ ನೆಲ ಕೊರೆಯುವ ಸಲಕರಣೆ) ಹಿಡಿದು ಎರೆ ದಾಟಿ ಗರಸು ಮುಟ್ಟುವವರೆಗೆ ಇಳಿಯಿರಿ. ಕೊಳೆತ ಕಲ್ಲಿನ ಮಾದರಿ ಒಂದಿದ್ದರೆ ಎರೆಯ ಹತ್ತು ಮಾದರಿಗೆ ಸಮ.

ಆಗರ್ ಇಳಿಯದಿದ್ದರೆ ರೈತರು ತೋಡಿದ ಕೃಷಿ ಹೊಂಡ, ಹೊಸ ಬಾವಿಗಳನ್ನು ಹುಡುಕಿ. ಮೂರು ಮೀಟರ್‌ನ ಕಡಿತ ಪುಕ್ಕಟೆ ಸಿಗುತ್ತದೆ. ಬೋರ್‌ವೆಲ್ ಪುಡಿಯನ್ನೂ ಕೆಲವರು ಕಟ್ಟಿಕೊಂಡು ಬರುತ್ತಾರೆ. ತರಲಿ, ಆದರೆ ಅದರಲ್ಲಿ ಟಂಗ್‌ಸ್ಟನ್, ಕೋಬಾಲ್ಟ್ ಕಂಡರೆ ನಂಬಬೇಡಿ, ಕೊರೆಯುವ ಬಿಟ್ಟಿನ ಗುಂಡಿಗಳು ಟಂಗ್‌ಸ್ಟನ್ ಕಾರ್ಬೈಡಿನವು, ಅವನ್ನು ಕೂಡಿಸುವ ಅಂಟು ಕೋಬಾಲ್ಟ್.

ಎರೆಯೊಳಗಿನ ಬಿಳಿ ಸುಣ್ಣದ ಹರಳು, ಕಂಕರ್ ಎನ್ನುತ್ತೇವಲ್ಲ, ಅದು ಒಳ್ಳೆಯ ಮಾದರಿಯೂ ಹೌದು, ತೊಡಕೂ ಹೌದು. ದಕ್ಷಿಣ ಆಸ್ಟ್ರೇಲಿಯಾದ ಚಾಲೆಂಜರ್ ಚಿನ್ನದ ನಿಕ್ಷೇಪ 1995ರಲ್ಲಿ ಬೆಳಕಿಗೆ ಬಂದದ್ದು ಇಂಥದೇ ಕಂಕರ್ ಆರಿಸಿ ಪರೀಕ್ಷಿಸಿದ್ದರಿಂದ. ಹುನಗುಂದ ಶಿಸ್ಟ್ ಪಟ್ಟಿಯ ಮೇಲಿನ ತೆಳು ಎರೆಯಲ್ಲಿ ಈ ದಾರಿ ಹಿಡಿಯುವುದರಲ್ಲಿ ಅರ್ಥವಿದೆ. ಆದರೆ ಕಂಕರನ್ನು ಮಣ್ಣಿನ ಜೊತೆ ಬೆರೆಸಿ ಕುಟ್ಟಿದರೆ ಕ್ಯಾಲ್ಸಿಯಂ ಮಿಕ್ಕ ಎಲ್ಲ ಧಾತುಗಳ ಶೇಕಡಾವಾರನ್ನು ಕೆಳಗೆ ತಳ್ಳುತ್ತದೆ. ಆಮೇಲೆ ತಾಮ್ರ ಕಡಿಮೆ ಎಂದು ಓದಿದ್ದು ನಿಜವಾಗಿ ಸುಣ್ಣ ಹೆಚ್ಚು ಎಂದಷ್ಟೇ. ಬೇರೆಬೇರೆಯಾಗಿ ಆರಿಸಿ, ಬೇರೆ ಚೀಲಕ್ಕೆ ಹಾಕಿ.

ಇನ್ನು ತೋಟಗಳು. ವಿಜಯಪುರ, ತಿಕೋಟಾ ಕಡೆ ದ್ರಾಕ್ಷಿ, ಕಲಾದಗಿಯಲ್ಲಿ ದಾಳಿಂಬೆ. ಎರಡಕ್ಕೂ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಶೇ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದಲ್ಲಿ ಕಾಲು ಭಾಗ ಅಪ್ಪಟ ತಾಮ್ರ. ಇಪ್ಪತ್ತು ವರ್ಷ ಸಿಂಪಡಿಸಿದ ತೋಟದ ಮೇಲ್ಮಣ್ಣು ಯಾವ ಗಣಿಗೂ ಕಡಿಮೆಯಿಲ್ಲದ ಅನಾಮಲಿ (ಅಸಹಜ ಏರಿಕೆ) ತೋರಿಸಬಲ್ಲದು. ಗುರುತು ಹಿಡಿಯುವುದು ಸುಲಭ: ಮೇಲಿನ 10 ಸೆಂಟಿಮೀಟರಿನಲ್ಲಿ ತಾಮ್ರ ಎತ್ತರವಿದ್ದು, ಕೆಳಗಿಳಿದಂತೆ ತಟ್ಟನೆ ಕುಸಿದರೆ ಅದು ಮೇಲಿನಿಂದ ಬಿದ್ದದ್ದು. ಕೆಳಗಿಳಿದಂತೆ ಏರಿದರೆ ಕೆಳಗಿನಿಂದ ಬಂದದ್ದು. ಎರೆಯಲ್ಲಿ ಮಾತ್ರ ಈ ಪರೀಕ್ಷೆಯೂ ಕೈಕೊಡುತ್ತದೆ, ಕಾರಣ ಮೇಲೆ ಹೇಳಿದ ಬಿರುಕು.

ಪ್ರಯೋಗಾಲಯದ ಅರ್ಜಿಯಲ್ಲಿ ಎಲ್ಲ ಧಾತು ಎಂದು ಬರೆದು ಕೈತೊಳೆದುಕೊಳ್ಳುವವರೇ ಹೆಚ್ಚು. ಕೇಳಬೇಕಾದ್ದು ಯಾವ ಆಮ್ಲದಲ್ಲಿ ಕರಗಿಸುತ್ತೀರಿ ಎಂದು. ಹೈಡ್ರೋಕ್ಲೋರಿಕ್ ಮೂರು ಪಾಲು, ನೈಟ್ರಿಕ್ ಒಂದು ಪಾಲು ಬೆರೆಸಿದ ಅಕ್ವಾ ರೆಜಿಯಾ ಸಲ್ಫೈಡ್, ಕಾರ್ಬನೇಟ್, ಜೇಡಿಗೆ ಅಂಟಿದ ಲೋಹಗಳನ್ನು ಬಿಡಿಸುತ್ತದೆ, ಸಿಲಿಕೇಟಿನ ಹೊಟ್ಟೆಯೊಳಗಿನದನ್ನು ಅರ್ಧಂಬರ್ಧ ಬಿಡುತ್ತದೆ. ಹೈಡ್ರೋಫ್ಲೋರಿಕ್, ಪರ್‌ಕ್ಲೋರಿಕ್, ನೈಟ್ರಿಕ್, ಹೈಡ್ರೋಕ್ಲೋರಿಕ್ ನಾಲ್ಕೂ ಸೇರಿದರೆ ಸಿಲಿಕೇಟ್ ಒಡೆಯುತ್ತದೆ, ಆದರೆ ಸಿಲಿಕಾನ್ ಆವಿಯಾಗಿ ಹಾರಿಹೋಗುತ್ತದೆ. ಜಿರ್ಕಾನ್, ಕ್ರೋಮೈಟ್, ಬರೈಟ್ ಆಗಲೂ ಪೂರ್ತಿ ಕರಗುವುದಿಲ್ಲ, ಹಾಗಾಗಿ ಜಿರ್ಕೋನಿಯಂ, ಕ್ರೋಮಿಯಂ, ಬೇರಿಯಂ ಅಂಕಿಗಳು ತಗ್ಗುತ್ತವೆ. ಬಾದಾಮಿ ಮರಳುಗಲ್ಲಿನಂಥ ಜಿರ್ಕಾನ್ ಇರುವ ಕಲ್ಲಿಗೆ, ಬಾಕ್ಸೈಟಿಗೆ, ವಿರಳ ಭೂಧಾತುಗಳಿಗೆ (ರೇರ್ ಅರ್ತ್) ಲಿಥಿಯಂ ಬೋರೇಟಿನಲ್ಲಿ ಕಾಯಿಸಿ ಕರಗಿಸಿದ ಗಾಜಿನ ಮಣಿಯೇ ಬೇಕು. ಒಂದೇ ಸಮೀಕ್ಷೆಯ ಅರ್ಧ ಮಾದರಿ ಒಂದು ವಿಧಾನದಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಮಾಡಿಸಿ ಒಂದೇ ನಕ್ಷೆಗೆ ಹಾಕಿದರೆ, ನಕ್ಷೆಯಲ್ಲಿ ಕಾಣುವ ಗಡಿ ಕಲ್ಲಿನದಲ್ಲ, ಪ್ರಯೋಗಾಲಯದ ಬಿಲ್ಲಿನದು.

ಅರೆಯುವ ಬಟ್ಟಲಿನ ಲೋಹವನ್ನೂ ಕೇಳಿ. ಕ್ರೋಮ್ ಸ್ಟೀಲ್ ಬಟ್ಟಲು ಕಬ್ಬಿಣ, ಕ್ರೋಮಿಯಂ ಬಿಡುತ್ತದೆ. ಕ್ವಾರ್ಟ್‌ಜೈಟಿನಂಥ ಗಟ್ಟಿ ಕಲ್ಲು ಅರೆದಾಗ ಹೆಚ್ಚು. ಪ್ರತಿ 20 ಮಾದರಿಗೆ ಒಂದು ಪ್ರಮಾಣಿತ ಪುಡಿ (ಧಾತುಗಳ ಪ್ರಮಾಣ ಮೊದಲೇ ಗೊತ್ತಿರುವುದು), ಒಂದು ಖಾಲಿ ಮಾದರಿ (ಲೋಹವಿಲ್ಲದ್ದು), ಒಂದು ಜೋಡಿ ಮಾದರಿ (ಇರುವ ಮಾದರಿಯದೇ ಇನ್ನೊಂದು ಪಾಲು) ಸೇರಿಸಿ, ಅವುಗಳಿಗೂ ಸಾಲಿನ ಸಂಖ್ಯೆಯನ್ನೇ ಕೊಡಿ. ಖಾಲಿ ಮಾದರಿಗೆ ಶುದ್ಧ ಬಿಳಿ ಕ್ವಾರ್ಟ್ಸ್ ಚೂರು ಸಾಕು, ಆದರೆ ಪುಡಿಯಾಗಿ ಅಲ್ಲ, ಕಲ್ಲಾಗಿಯೇ ಕಳಿಸಿ. ಪುಡಿಯಾಗಿ ಕಳಿಸಿದರೆ ಅರೆಯುವ ಹಂತದ ಕೊಳೆ ಸಿಕ್ಕಿಬೀಳುವುದೇ ಇಲ್ಲ. ಪ್ರಮಾಣಿತ ಪುಡಿಯ ಫಲಿತಾಂಶ ಅದರ ಘೋಷಿತ ಮೌಲ್ಯದಿಂದ ಮೂರು ಪ್ರಮಾಣ ವಿಚಲನೆ (ಅಂಕಿಗಳ ಚದುರಿಕೆಯ ಅಳತೆ) ಆಚೆ ಹೋದರೆ ಆ ಬ್ಯಾಚನ್ನು ಮತ್ತೆ ಮಾಡಿಸಿ, ಮುಲಾಜು ಬೇಡ.

ಈಗ ಗೋಕಾಕದ 140 ಪಿಪಿಎಂಗೆ ಬರೋಣ. ಮಾಮೂಲಿ ಪದ್ಧತಿ ಎಂದರೆ ಎಲ್ಲ ಮಾದರಿಗಳ ಸರಾಸರಿಗೆ ಎರಡು ಪ್ರಮಾಣ ವಿಚಲನೆ ಕೂಡಿಸಿ, ಅದರ ಮೇಲಿನದೆಲ್ಲ ಅನಾಮಲಿ ಎನ್ನುವುದು. ಬಸಾಲ್ಟ್ ಹಳ್ಳ, ಮರಳುಗಲ್ಲು ಹಳ್ಳ ಎರಡನ್ನೂ ಒಂದೇ ಕೋಷ್ಟಕಕ್ಕೆ ಸುರಿದಾಗ ಆ ಸರಾಸರಿಗೆ ಅರ್ಥವೇ ಇಲ್ಲ. ಕುದುರೆ, ಕುರಿಗಳ ಸರಾಸರಿ ಎತ್ತರ ತೆಗೆದಂತೆ. ಮೊದಲು ಪ್ರತಿ ಮಾದರಿಯ ಮೇಲಿನ ಜಲಾನಯನ ಯಾವ ಕಲ್ಲಿನ ಮೇಲಿದೆ ಎಂದು ಗುರುತಿಸಿ ಗುಂಪು ಮಾಡಿ. ಆಮೇಲೆ ಪ್ರತಿ ಗುಂಪಿಗೂ ಸರಾಸರಿಯ ಬದಲು ಮಧ್ಯಾಂಕ (ಸಾಲಾಗಿಟ್ಟಾಗ ನಟ್ಟನಡುವೆ ಬೀಳುವ ಅಂಕಿ) ತೆಗೆದು, ಮಧ್ಯಾಂಕದಿಂದಿರುವ ಅಂತರಗಳ ಮಧ್ಯಾಂಕವನ್ನು 1.4826ರಿಂದ ಗುಣಿಸಿ, ಅದರ ಎರಡು ಪಟ್ಟನ್ನು ಮಧ್ಯಾಂಕಕ್ಕೆ ಕೂಡಿಸಿ. ಒಂದೆರಡು ವಿಪರೀತ ಅಂಕಿಗಳಿಗೆ ಈ ಮಿತಿಗೆರೆ ಅಲುಗಾಡುವುದಿಲ್ಲ.

ಗೋಕಾಕದಂತೆ ಎರಡೂ ಕಲ್ಲು ಬೆರೆತು ಹರಿಯುವ ಕಡೆ ಗುಂಪು ಮಾಡಿದರೂ ಸಾಲದು. ಅಲ್ಲಿ ಟೈಟೇನಿಯಂ ಸಾಕ್ಷಿ. ಬಸಾಲ್ಟಿನಲ್ಲಿ ಟೈಟೇನಿಯಂ ಆಕ್ಸೈಡ್ ಶೇ 2–3ರಷ್ಟಿರುತ್ತದೆ, ಶುದ್ಧ ಮರಳುಗಲ್ಲಿನಲ್ಲಿ ಅದರ ಒಂದು ಚೂರು. ಲೆಕ್ಕಕ್ಕೆಂದು ಎರಡು ಮಾದರಿ ಕಲ್ಪಿಸಿಕೊಳ್ಳಿ. ಒಂದರಲ್ಲಿ ತಾಮ್ರ 140 ಪಿಪಿಎಂ, ಟೈಟೇನಿಯಂ ಆಕ್ಸೈಡ್ ಶೇ 2.4. ಆಕ್ಸೈಡನ್ನು 0.6ರಿಂದ ಗುಣಿಸಿದರೆ ಟೈಟೇನಿಯಂ ಶೇ 1.44, ಅಂದರೆ 14,400 ಪಿಪಿಎಂ. ತಾಮ್ರವನ್ನು ಅದರಿಂದ ಭಾಗಿಸಿದರೆ 0.0097. ತಾಮ್ರ 200, ಆಕ್ಸೈಡ್ ಶೇ 2.5 ಇರುವ ಬಸಾಲ್ಟಿನ ಅನುಪಾತ 0.0133. ನಮ್ಮ ಮಾದರಿ ಅದಕ್ಕಿಂತಲೂ ಕೆಳಗೆ, ಪೂರ್ತಿ ಬಸಾಲ್ಟಿನ ಕೊಡುಗೆ, ಅಲ್ಲಿಗೆ ಕೈಬಿಡಿ. ಇನ್ನೊಂದರಲ್ಲಿ ತಾಮ್ರ ಬರೀ 60 ಪಿಪಿಎಂ, ಆಕ್ಸೈಡ್ ಶೇ 0.4. ಅನುಪಾತ 0.025. ಬಸಾಲ್ಟಿನ ಎರಡು ಪಟ್ಟು ಹತ್ತಿರ. ನಕ್ಷೆಯಲ್ಲಿ ಹಳದಿ ಬಣ್ಣದಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿದ್ದ ಆ ಹಳ್ಳಕ್ಕೇ ಮತ್ತೆ ಹೋಗಬೇಕು.

ಈ ಲೆಕ್ಕಕ್ಕೂ ಒಂದು ಬಿಲವಿದೆ. ಬಸಾಲ್ಟಿನ ಟೈಟೇನಿಯಂ ಬಹುಪಾಲು ಟೈಟಾನೋಮ್ಯಾಗ್ನೆಟೈಟ್ ಎಂಬ ಭಾರದ ಕರಿ ಮರಳಿನಲ್ಲಿರುತ್ತದೆ. ಹಳ್ಳದ ತಿರುವಿನಲ್ಲಿ ಕರಿ ಮರಳು ಮಡುಗಟ್ಟಿದರೆ ಟೈಟೇನಿಯಂ ವಿಪರೀತ ಏರಿ, ಅನುಪಾತ ಸುಳ್ಳಾಗಿ ಇಳಿಯುತ್ತದೆ, ನಿಜವಾದ ಅನಾಮಲಿ ಮುಚ್ಚಿಹೋಗುತ್ತದೆ. ಆದ್ದರಿಂದ ಸ್ಕ್ಯಾಂಡಿಯಂ, ಅಲ್ಯುಮಿನಿಯಂ ಎರಡರ ಜೊತೆಗೂ ಇದೇ ಭಾಗಾಕಾರ ಮಾಡಿ ಹೋಲಿಸಿ. ಮೂರೂ ಒಂದೇ ದಿಕ್ಕು ತೋರಿಸಿದರೆ ಸರಿ. ಹಿನ್ನೆಲೆ ಮಟ್ಟ ತಿಳಿಯಲು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ರಾಷ್ಟ್ರೀಯ ಭೂರಾಸಾಯನಿಕ ನಕ್ಷೆ ಕೆಲಸಕ್ಕೆ ಬರುತ್ತದೆ. ಅದು 2 ಕಿಮೀ × 2 ಕಿಮೀ ಚೌಕದ ಮಾದರಿಗಳ ಮೇಲೆ ನಿಂತದ್ದು, ಭೂಕೋಶ ಜಾಲತಾಣದಲ್ಲಿ ಸಿಗುತ್ತದೆ. ಸ್ವಂತ ಮಾದರಿ ತೆಗೆಯುವ ಮುಂಚೆ ಅದನ್ನು ತೆರೆದು ನೋಡದವರು ದುಡ್ಡು ಹೆಚ್ಚಾದವರು.

ಕೈಯಲ್ಲಿ ಹಿಡಿದು ಎಕ್ಸ್-ಕಿರಣದಿಂದ ಧಾತು ಅಳೆಯುವ ಎಕ್ಸ್‌ಆರ್‌ಎಫ್ ಗನ್ನು ಈಗ ಎಲ್ಲರ ಆಸೆ. ಗುಂಡಿ ಒತ್ತಿ ಒಂದು ನಿಮಿಷ ಹಿಡಿದರೆ ಮೂವತ್ತು ಧಾತುಗಳ ಪಟ್ಟಿ. ಒಣಗಿಸಿ, ಅರೆದು, ತೆಳು ಪಾಲಿಪ್ರೊಪಿಲೀನ್ ಹಾಳೆ ಹೊದಿಸಿದ ಕಪ್ಪಿಗೆ ಒತ್ತಿ ತುಂಬಿದ ಪುಡಿಯಲ್ಲಿ ತಾಮ್ರ, ಸತು, ಸೀಸ, ಸ್ಟ್ರಾನ್ಷಿಯಂ ಚೆನ್ನಾಗಿಯೇ ಹೇಳುತ್ತದೆ. ಒದ್ದೆ ಎರೆಯ ಮೇಲೆ ನೇರ ಒತ್ತಿದರೆ ನೀರಿನಷ್ಟು ಎಲ್ಲ ಅಂಕಿಯೂ ಇಳಿಯುತ್ತದೆ, ಹಗುರ ಧಾತುಗಳದು ಇನ್ನೂ ಹೆಚ್ಚು. ಆರ್ಸೆನಿಕ್ಕಿನ ಮುಖ್ಯ ಗೆರೆ, ಅಂದರೆ ಅದು ಹೊರಬಿಡುವ ಎಕ್ಸ್-ಕಿರಣದ ಶಕ್ತಿ, 10.54 ಕೆಇವಿ, ಸೀಸದ್ದು 10.55. ಯಂತ್ರಕ್ಕೆ ಎರಡೂ ಒಂದೇ. ಹುನಗುಂದ ಪಟ್ಟಿಯಲ್ಲಿ ಚಿನ್ನದ ಸುಳಿವಿಗಾಗಿ ಆರ್ಸೆನಿಕ್ ಹುಡುಕುವವರು ಸೀಸ ಹೆಚ್ಚಿರುವ ಮಾದರಿಯ ಆರ್ಸೆನಿಕ್ ಅಂಕಿಯನ್ನು ಪ್ರಯೋಗಾಲಯಕ್ಕೆ ಕಳಿಸದೆ ನಂಬಬಾರದು. ಕಬ್ಬಿಣದ ಎರಡನೇ ಗೆರೆ 7.06 ಕೆಇವಿಯಲ್ಲಿದ್ದು, 6.93ರ ಕೋಬಾಲ್ಟಿನ ಮೇಲೆ ಒರಗುತ್ತದೆ. ಹಾಗಾಗಿ ಕೆಂಪು ಲ್ಯಾಟರೈಟಿನಲ್ಲಿ ಗನ್ನು ತೋರಿಸುವ ಕೋಬಾಲ್ಟ್ ಹೆಚ್ಚಿನ ಸಲ ಕಬ್ಬಿಣದ ನೆರಳು. ಚಿನ್ನವನ್ನಂತೂ ಪರದೆ ತೋರಿಸಿದರೂ ಓದಬೇಡಿ. ಸತು, ಟಂಗ್‌ಸ್ಟನ್ ಗೆರೆಗಳು ಅದರ ಪಕ್ಕದಲ್ಲೇ ಕೂತಿವೆ. 30–50 ಸ್ಥಳೀಯ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಮಾಡಿಸಿ, ಗನ್ನಿನ ಅಂಕಿಗೂ ಅದಕ್ಕೂ ನಡುವಿನ ಗೆರೆ ಎಳೆದು ತಿದ್ದುಪಡಿ ಕಂಡುಕೊಂಡ ಮೇಲಷ್ಟೇ ಆ ಯಂತ್ರಕ್ಕೆ ಬೆಲೆ.

ಗನ್ನು ಪೂರ್ತಿ ಸೋಲುವುದು ಮೆಗ್ನೀಷಿಯಂನಲ್ಲಿ. ಅದರ ಕಿರಣ 1.25 ಕೆಇವಿಯಷ್ಟೇ ದುರ್ಬಲ, ಮಾದರಿಗೂ ಕಿಟಕಿಗೂ ನಡುವೆ ಗಾಳಿಯ ಸಣ್ಣ ಸಂದಿದ್ದರೂ ಒಂದು ಪಾಲು ಅಲ್ಲೇ ಕರಗಿಹೋಗುತ್ತದೆ. ಲೋಕಾಪುರ, ಬಾಗಲಕೋಟೆ ಸುಣ್ಣಕಲ್ಲಿನಲ್ಲಿ ಎಲ್ಲರಿಗೂ ಬೇಕಾದ್ದು ಮೆಗ್ನೀಷಿಯಂನ ಅಂಕಿಯೇ. ಸಿಮೆಂಟಿನಲ್ಲಿ ಮೆಗ್ನೀಷಿಯಾ (ಮೆಗ್ನೀಷಿಯಂ ಆಕ್ಸೈಡ್) ಶೇ 6 ಮೀರುವಂತಿಲ್ಲ, ಮೀರಿದರೆ ಗಟ್ಟಿಯಾದ ಮೇಲೆ ನಿಧಾನಕ್ಕೆ ಉಬ್ಬಿ ಬಿರುಕು ಬಿಡುತ್ತದೆ. ಶುದ್ಧ ಡಾಲಮೈಟಿನಲ್ಲಿ ಅದು ಶೇ 21.9. ಎರಡೂ ಕಲ್ಲು ಒಂದೇ ಗುಡ್ಡದಲ್ಲಿ, ಒಂದೇ ಬೂದು ಬಣ್ಣದಲ್ಲಿ, ಒಂದರ ಮೇಲೊಂದು ಕೂತಿರುತ್ತವೆ.

ಬೆಳಕಿನ ಪರೀಕ್ಷೆ, ಅಂದರೆ ಕಲ್ಲು ಯಾವ ತರಂಗದ ಬೆಳಕನ್ನು ಹೀರುತ್ತದೆ ಎಂದು ನೋಡುವುದು, ಇಲ್ಲಿ ಗೆಲ್ಲುತ್ತದೆ. 350ರಿಂದ 2500 ನ್ಯಾನೋಮೀಟರ್ ವರೆಗೆ ಓದುವ ಸ್ಪೆಕ್ಟ್ರೋಮೀಟರಿನ ಕೈಹಿಡಿಯ ತುದಿಯನ್ನು ಹೊಸದಾಗಿ ಒಡೆದ ಮುಖಕ್ಕೆ ಒತ್ತಿ. ಸುಣ್ಣಕಲ್ಲಿನ ಖನಿಜವಾದ ಕ್ಯಾಲ್ಸೈಟ್ ಆದರೆ ಗೆರೆಯಲ್ಲಿ 2340 ನ್ಯಾನೋಮೀಟರ್ ಹತ್ತಿರ ಒಂದು ಆಳದ ತಗ್ಗು ಬೀಳುತ್ತದೆ. ಡಾಲಮೈಟ್ ಆದರೆ ಅದೇ ತಗ್ಗು 2320ರ ಸುತ್ತ ಸರಿಯುತ್ತದೆ. ಇಪ್ಪತ್ತೇ ನ್ಯಾನೋಮೀಟರ್ ವ್ಯತ್ಯಾಸ, ಆದರೆ ಯಂತ್ರ ಬಿಸಿಯೇರಿ ನಿಂತಿದ್ದರೆ ತಪ್ಪುವುದಿಲ್ಲ. ಆನ್ ಮಾಡಿ ಅರ್ಧ ಗಂಟೆ ಬಿಡಬೇಕು. ಬಿಳಿ ಪ್ರಮಾಣ ಫಲಕವನ್ನು 15–20 ನಿಮಿಷಕ್ಕೊಮ್ಮೆ ಓದಿಸಬೇಕು. ಫಲಕಕ್ಕೆ ಎರೆ ಮಣ್ಣಿನ ಬೆರಳು ತಾಗಿದರೆ ಪ್ರತಿ ಗೆರೆಯಲ್ಲೂ ಜೇಡಿಯ ತಗ್ಗು ತಲೆಕೆಳಗಾಗಿ ಉಬ್ಬಾಗಿ ಕಾಣುತ್ತದೆ. ನೀರಿನಡಿ ನುಣುಪು ಸ್ಯಾಂಡ್‌ಪೇಪರಿನಿಂದ ಮೆಲ್ಲಗೆ ಉಜ್ಜಿದರೆ ಫಲಕ ಮೊದಲಿನಂತಾಗುತ್ತದೆ. ಕಲ್ಲಿನ ಹಳೆ ಮುಖದ ಮೇಲಿನ ಕಲ್ಲುಹೂವು ಇನ್ನೊಂದು ಮೋಸ: ಅದು 2100, 2300ರ ಹತ್ತಿರ ತನ್ನದೇ ತಗ್ಗು ತರುತ್ತದೆ. 680ರ ಬಳಿ ಹಸಿರಿನ ತಗ್ಗು ಕಂಡರೆ ಆ ಓದನ್ನು ಎಸೆದು ಸುತ್ತಿಗೆ ಎತ್ತಿ.

ತಗ್ಗಿನ ಜಾಗ ಓದುವ ಮುಂಚೆ ಗೆರೆಯ ಒಟ್ಟು ಇಳಿಜಾರನ್ನು ತೆಗೆಯಬೇಕು. ಗೆರೆಯ ನೆತ್ತಿಗಳ ಮೇಲೆ ಹಗ್ಗ ಬಿಗಿದಂತೆ ಒಂದು ರೇಖೆ ಎಳೆದು, ಪ್ರತಿ ಬಿಂದುವನ್ನೂ ಆ ರೇಖೆಯಿಂದ ಭಾಗಿಸುವುದು. ಇದನ್ನು ಬಿಟ್ಟರೆ ಕಬ್ಬಿಣ ಬೆರೆತ ಮಾದರಿಗಳಲ್ಲಿ ತಗ್ಗಿನ ತಳ ಐದಾರು ನ್ಯಾನೋಮೀಟರ್ ಸರಿದು ಕಾಣಬಹುದು. ಇನ್ನೊಂದು ಎಚ್ಚರ: ಕ್ಲೋರೈಟಿಗೂ 2320–2350ರಲ್ಲಿ ತಗ್ಗಿದೆ. ಸುಣ್ಣಕಲ್ಲಿನ ನಡುವೆ ಜೇಡಿಗಲ್ಲು ಪದರವಿದ್ದರೆ 2250ರಲ್ಲೂ ಜೊತೆ ತಗ್ಗು ಇದೆಯೇ ನೋಡಿ. ಇದ್ದರೆ ಅದು ಡಾಲಮೈಟಲ್ಲ. ಎರಡು ಕಾರ್ಬನೇಟ್ ಬೆರೆತಲ್ಲಿ ತಗ್ಗು ಪ್ರಮಾಣಕ್ಕೆ ತಕ್ಕಂತೆ ಸರಿಯುವುದಿಲ್ಲ, ಕಣದ ಗಾತ್ರವೂ ಆಟವಾಡುತ್ತದೆ. ಶೇಕಡಾವಾರು ಬೇಕೆಂದರೆ ಮಣಿ ಮಾಡಿಸಿ ಎಕ್ಸ್‌ಆರ್‌ಎಫ್ ಓದಿಸಲೇಬೇಕು. ಯಂತ್ರವೇ ಇಲ್ಲದವರಿಗೆ ಹಳೆಯ ವಿದ್ಯೆಯೇ ಗತಿ, ಅದೇನೂ ಕಳಪೆಯಲ್ಲ. ಶೇ 1.5ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಶೇ 0.2 ಅಲಿಜರಿನ್ ರೆಡ್ ಎಸ್ ಎಂಬ ಬಣ್ಣ ಕರಗಿಸಿ ಕಲ್ಲಿನ ಕೊಯ್ದ ಮುಖವನ್ನು ಅರ್ಧ ನಿಮಿಷ ಅದ್ದಿದರೆ ಕ್ಯಾಲ್ಸೈಟ್ ಕೆಂಪೇರುತ್ತದೆ, ಡಾಲಮೈಟ್ ಬಣ್ಣ ಹಿಡಿಯುವುದಿಲ್ಲ.

ಬೆಳಗಾವಿಯ ಬಾಕ್ಸೈಟಿನಲ್ಲಿ ಕಥೆ ಬೇರೆ. ಅಲ್ಲಿ ಒಟ್ಟು ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಶೇ 45 ಎಂದು ಬಂದರೆ ಅರ್ಧ ವಿಷಯ ಮಾತ್ರ ಗೊತ್ತಾದಂತೆ. ಗಿಬ್ಸೈಟ್ ಎಂಬ ಖನಿಜದಲ್ಲಿರುವ ಅಲ್ಯುಮಿನಾ ಕಾರ್ಖಾನೆಯ ಕಾಸ್ಟಿಕ್ ಸೋಡಾದಲ್ಲಿ ಕರಗಿ ಬರುತ್ತದೆ. ಕೆಯೊಲಿನೈಟ್ ಎಂಬ ಜೇಡಿಯಲ್ಲಿರುವುದು ಬರುವುದಿಲ್ಲ, ಸಾಲದ್ದಕ್ಕೆ ಅದರ ಸಿಲಿಕಾ ಸೋಡಾವನ್ನು ತಿಂದುಹಾಕುತ್ತದೆ. ರಾಸಾಯನಿಕ ವರದಿಗೆ ಎರಡೂ ಅಲ್ಯುಮಿನಾವೇ. ಬೆಳಕಿಗೆ ಎರಡೂ ಬೇರೆ: ಗಿಬ್ಸೈಟ್ 2265 ನ್ಯಾನೋಮೀಟರಿನಲ್ಲಿ, ಕೆಯೊಲಿನೈಟ್ 2165 ಮತ್ತು 2208ರ ಅವಳಿ ತಗ್ಗಿನಲ್ಲಿ. ಜೊತೆಗೆ ಸುಟ್ಟಾಗಿನ ತೂಕನಷ್ಟ ನೋಡಿ. ಶುದ್ಧ ಗಿಬ್ಸೈಟ್ ಶೇ 34.6 ಕಳೆದುಕೊಳ್ಳುತ್ತದೆ, ಕೆಯೊಲಿನೈಟ್ ಶೇ 14ರಷ್ಟು, ಕಬ್ಬಿಣದ ಖನಿಜವಾದ ಗೋಥೈಟ್ ಶೇ 10ರಷ್ಟು. ಅಲ್ಯುಮಿನಾ ಹೆಚ್ಚಿದ್ದು ತೂಕನಷ್ಟ ಕಡಿಮೆಯಿದ್ದರೆ ಜೇಡಿಯ ಸಂಶಯ ಪಡಿ. ಮಾದರಿ ಒಣಗಿಸುವಾಗ ಗಡಿಬಿಡಿಯಲ್ಲಿ ಓವನ್ ಬಿಸಿ ಏರಿಸಬೇಡಿ, ಬೆಳಕಿನ ಪರೀಕ್ಷೆಗೆ ಹೋಗುವ ಮಾದರಿಗೆ 40 ಡಿಗ್ರಿ ಸಾಕು.

ಉಪಗ್ರಹ ಚಿತ್ರದ ಬಗ್ಗೆ ಉತ್ಸಾಹ ಸ್ವಲ್ಪ ಕಡಿಮೆಯಿದ್ದರೆ ಒಳ್ಳೆಯದು. ಆಸ್ಟರ್ ಸಂವೇದಕ 1999ರ ಡಿಸೆಂಬರಿನಲ್ಲಿ ಹಾರಿತು. ಖನಿಜ ಗುರುತಿಸುವ ಅದರ ಆರು ಅವಗೆಂಪು ಪಟ್ಟಿಗಳು 2008ರ ಏಪ್ರಿಲ್‌ನಿಂದ ಕೆಲಸ ಮಾಡುತ್ತಿಲ್ಲ. ಆದ್ದರಿಂದ ಅದಕ್ಕೂ ಹಿಂದಿನ ಚಿತ್ರವನ್ನೇ ಹುಡುಕಬೇಕು. 7 ಮತ್ತು 9ನೇ ಪಟ್ಟಿಗಳನ್ನು ಕೂಡಿಸಿ 8ರಿಂದ ಭಾಗಿಸಿದರೆ ಕಾರ್ಬನೇಟ್ ಹೊಳೆಯುತ್ತದೆ ಎನ್ನುತ್ತಾರೆ. ಜನವರಿ, ಫೆಬ್ರವರಿಯ ಚಿತ್ರದಲ್ಲಿ ವಿಜಯಪುರವೆಲ್ಲ ಹೊಳೆಯುತ್ತದೆ! ಅದು ಸುಣ್ಣಕಲ್ಲಲ್ಲ, ಹೊಲದಲ್ಲಿ ಒಣಗಿ ನಿಂತ ಬಿಳಿಜೋಳ ಮತ್ತು ಕೂಳೆ. ಒಣ ದಂಟಿನ ಲಿಗ್ನಿನ್, ಸೆಲ್ಯುಲೋಸ್ 2300ರ ಸುತ್ತ ಕಾರ್ಬನೇಟಿನ ಹತ್ತಿರವೇ ಬೆಳಕು ಹೀರುತ್ತವೆ. ಏಪ್ರಿಲ್ ಕೊನೆಯಿಂದ ಮೇ ನಡುವಿನ, ನೆಲ ಬತ್ತಲೆ ಇರುವ ಚಿತ್ರವನ್ನೇ ಆರಿಸಿ. ಆಗಲೂ ಎರೆಯ ಕಂಕರ್ ಹೊಳೆಯುತ್ತದೆ, ಅದು ನಿಜವಾದ ಕಾರ್ಬನೇಟೇ ಆದರೂ ಕೆಳಗಿರುವುದು ಬಸಾಲ್ಟ್. 30 ಮೀಟರಿನ ಒಂದು ಚೌಕಕ್ಕೆ ಎಕರೆಯ ಕಾಲು ಭಾಗ ಹತ್ತಿರ ಬರುತ್ತದೆ, ಒಡ್ಡು, ದಾರಿ, ಬೆಳೆ, ಬಂಡೆ ಎಲ್ಲ ಕಲಸಿದ ಬಣ್ಣ ಅದು.

ನೆಲದ ವಿಕಿರಣ ಎಣಿಸುವ ಗಾಮಾ ಸ್ಪೆಕ್ಟ್ರೋಮೀಟರಿಗೂ ಇಲ್ಲಿ ಕೆಲಸವಿದೆ. ಬೆಳಗಾವಿ ಜಿಲ್ಲೆಯ ದೇಶನೂರ ಸುತ್ತ ಕಲಾದಗಿ ಬೇಸಿನ್ನಿನ ಮರಳುಗಲ್ಲಿನಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಯುರೇನಿಯಂ ಶೋಧಿಸಿದೆ. ಯಂತ್ರ ಯುರೇನಿಯಮ್ಮನ್ನು ನೇರವಾಗಿ ನೋಡುವುದಿಲ್ಲ, ಅದು ಕ್ಷಯಿಸುತ್ತ ಹುಟ್ಟುವ ಸಂತಾನವಾದ ಬಿಸ್ಮತ್-214ರ 1.76 ಎಂಇವಿ (ಒಂದು ಎಂಇವಿ ಎಂದರೆ ಸಾವಿರ ಕೆಇವಿ) ಕಿರಣವನ್ನು ಎಣಿಸುತ್ತದೆ. ಮಳೆ ಬಂದಾಗ ಗಾಳಿಯಲ್ಲಿನ ರೇಡಾನ್ ಸಂತತಿ ನೆಲಕ್ಕಿಳಿದು ಎಣಿಕೆ ಏರುತ್ತದೆ, ಕನಿಷ್ಠ ಮೂರು ಗಂಟೆ ಕಾಯಬೇಕು. ಕಬ್ಬಿನ ಗದ್ದೆಗೆ ಸುರಿದ ರಂಜಕ ಗೊಬ್ಬರದಲ್ಲೂ ಒಂದಿಷ್ಟು ಯುರೇನಿಯಂ ಇರುತ್ತದೆ. ಆದ್ದರಿಂದ ಗದ್ದೆ ಬಿಟ್ಟು ಮಡ್ಡಿಯ ಮೇಲೆ ಓದಿ.

ಗೋಕಾಕದ ಆ ಎರಡನೇ ಹಳ್ಳ, ತಾಮ್ರ 60 ಬಂದದ್ದು, ಉಳಿದಿದೆ. ಮೊದಲು ಅದೇ ಜಾಗದಲ್ಲಿ ಮತ್ತೊಂದು ಮಾದರಿ ತೆಗೆದು ಅಂಕಿ ಮರುಕಳಿಸುತ್ತದೆಯೇ ನೋಡಿ. ಮರುಕಳಿಸಿದರೆ ಮೇಲಕ್ಕೆ ನಡೆಯಿರಿ, ಪ್ರತಿ ಕವಲಿನಲ್ಲೂ ಎರಡೂ ಕಡೆಯ ಮಣ್ಣು. ಅನುಪಾತ ಯಾವ ಕವಲಿನಲ್ಲಿ ಏರುತ್ತದೋ ಅದನ್ನೇ ಹಿಡಿದು, ಅದು ತಟ್ಟನೆ ಕುಸಿಯುವವರೆಗೆ. ಕುಸಿದ ಜಾಗಕ್ಕೂ ಕೊನೆಯ ಎತ್ತರದ ಜಾಗಕ್ಕೂ ನಡುವಿನ ಇಳಿಜಾರಿನ ಮೇಲೆ 100 ಮೀಟರಿಗೊಂದು ಸಾಲು, ಸಾಲಿನಲ್ಲಿ 25 ಮೀಟರಿಗೊಂದು ಆಗರ್ ಗುಂಡಿ, ಗರಸಿನವರೆಗೆ. ಅಷ್ಟರಲ್ಲಿ ಬಂಡೆಯ ಸೀಳುಗಳಲ್ಲಿ ಹಸಿರು ಲೇಪ ಕಂಡರೆ ಗನ್ನು ಒತ್ತಿ ನೋಡಿ: ತಾಮ್ರದ ಹಸಿರು ಖನಿಜವಾದ ಮ್ಯಾಲಕೈಟೋ ಬರೀ ಪಾಚಿಯೋ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಗುಂಡಿ ತೋಡುವ ಮುಂಚೆ ಹೊಲದವರನ್ನು ಕೇಳಿ, ತೋಡಿದ ಮೇಲೆ ಮುಚ್ಚಿ ಬನ್ನಿ. ಸೋಸಿ ಉಳಿದ ಮಣ್ಣನ್ನು ಸಂಖ್ಯೆ ಬರೆದು ಎತ್ತಿಡಿ, ಪ್ರಯೋಗಾಲಯ ಬೇರೆ ಅಂಕಿ ಕೊಟ್ಟ ದಿನ ಅದು ಬೇಕಾಗುತ್ತದೆ.